ಯಾವ ತಿಂಗಳ ದಂಡೆ?

ಮೈಸೂರಿನಿಂದ ಭಾವ ಬಂದಿದ್ದರು. ಹಗರಿಬೊಮ್ಮನಹಳ್ಳಿ ಕಡೆಯ ತುಂಗಭದ್ರೆಯ ಹಿನ್ನೀರನ್ನು ದೀಪಾವಳಿಯಲ್ಲಿ ಒಮ್ಮೆ ನೋಡಿದ್ದ ನಾನು, "ಥೇಟ್ ಸಮುದ್ರ, ದಂಡೆಯಲ್ಲಿ ಕೂತು ಬುತ್ತಿ ಉಣ್ಣೋಣ" ಎಂದು ಕೊಚ್ಚಿಕೊಂಡೆ. ಬಸ್ಸು ಭಾವನಿಗೆ ಒಗ್ಗದು. ಏಪ್ರಿಲ್ ಬಿಸಿಲಲ್ಲಿ ಕೊಟ್ಟೂರು ಬಸ್ ನಿಲ್ದಾಣದ ಎದುರಿಗಿದ್ದ ಅಂಬಾಸಿಡರ್ ಡ್ರೈವರನ್ನು ಕೇಳಿದೆ.

"ಹಿನ್ನೀರಿನ ದಂಡೆವರೆಗೂ ಬಿಡಬೇಕು."

"ಯಾವ ತಿಂಗಳ ದಂಡಿರಿ, ಸಾಹೇಬ್ರ?"

ತಲೆಹರಟೆ ಅನ್ನಿಸಿತು. "ಇವತ್ತಿನದು" ಎಂದೆ.

"ಹಂಗಾದ್ರ ಬಸ್ಸಿಗೇ ಹೋಗ್ರಿ. ಬಸ್ಸು ನಿಲ್ಲೋ ಊರ ಮುಂದನ ನನ್ನ ಕಾರೂ ನಿಲ್ತೈತಿ."

ಬಂದ ಬಾಡಿಗೆಯನ್ನು ಬೇಡವೆನ್ನುವ ಡ್ರೈವರನ್ನು ನಾನು ಅದೇ ಮೊದಲು ನೋಡಿದ್ದು. ಹಟ ಮಾಡಿ ಹೊರಡಿಸಿದೆ.

ಬಸ್ಸು ನಿಲ್ಲುವ ಆ ಊರು ದಾಟುತ್ತಲೇ ಕಾರು ನಿಂತಿತು. ಎದುರಿಗೆ ಕಣ್ಣು ಹರಿಯುವಷ್ಟೂ ಸೌತೆ, ಕಲ್ಲಂಗಡಿ ಬಳ್ಳಿ. ನೀರು ದೂರದಲ್ಲಿ ಬಿಳಿ ಗೆರೆಯಾಗಿತ್ತು. ಬೇಸಿಗೆಯಲ್ಲಿ ಅದು ಹಿಂದೆ ಸರಿದಂತೆ, ಸುತ್ತಲಿನವರು ಅದರ ಬೆನ್ನಿಗೇ ಬಿತ್ತುತ್ತಾ ಹೋಗುತ್ತಾರಂತೆ.

"ಕಾರು ಇನ್ನೂ ಮುಂದೆ ಹೋಗಲ್ವಾ?" ಎಂದರು ಭಾವ.

"ಹೋಗೋದು ಹೋಗ್ತೈತ್ರಿ. ಮ್ಯಾಲೆ ಒಣಗೇತಿ, ಒಳಗ ಕೆಸರು. ವಾಪಸ್ ಬರೋದಿಲ್ಲ."

ಬಳ್ಳಿಗಳ ನಡುವೆಯೇ ಬುತ್ತಿ ಬಿಚ್ಚಿದೆವು. ನನ್ನ ಮುಖ ನೋಡಿ ಡ್ರೈವರ್ ಸಮಾಧಾನ ಹೇಳಿದ: "ಬ್ಯಾಸರ ಮಾಡ್ಕೋಬ್ಯಾಡ್ರಿ. ದೀಪಾವಳಿಗೆ ನೀವು ಕುಂತ ಜಾಗದಾಗ ಎರಡಾಳು ನೀರು ಇರ್ತೈತಿ."

ಭಾವ ಇವತ್ತಿಗೂ ನೆಂಟರ ಮನೆಗಳಲ್ಲಿ ಹೇಳುತ್ತಾರೆ: "ನಮ್ಮ ಬಾಮೈದ ಎಲ್ಲರಂತಲ್ಲ. ದಂಡೆಗೆ ಅಂತ ಕಾರಲ್ಲಿ ಕರೆದುಕೊಂಡು ಹೋಗಿ, ನೀರಿನ ತಳದಲ್ಲಿ ಊಟ ಹಾಕಿಸಿದ."