ಹೊಲದಲ್ಲಿ ನಡೆದ ಗೋದಾಮಿನ ಭರ್ತಿ

ಗೋದಾಮಿನಲ್ಲಿ ನಮ್ಮೂರ ಮಂದಿಗೆ ನಾನು ಕೆಲಸ ಕೊಡಿಸಿದೆ ಎಂದು ಊರೆಲ್ಲ ಹೇಳುತ್ತದೆ. ಸುಳ್ಳು. ನಾನು ಒಬ್ಬ ಹಸಿದ ಮನುಷ್ಯನಿಗೆ ಊಟ ಹಾಕಿದೆ, ಅಷ್ಟೇ. ಅವರಿಗೆ ಕೆಲಸ ಸಿಕ್ಕಿದ್ದು ಅವರವರ ರಟ್ಟೆಯಿಂದ. ನನ್ನ ಸೊಸೆಗೆ ಸಿಕ್ಕಿದ್ದು ಅವಳ ಹಟದಿಂದ.

ಇದು ಹೋದ ವರ್ಷದ ಎಳ್ಳಮಾಸಿಯ ಮಾತು. ನಮ್ಮದು ತೆಲುಗು ನಾಡಿನ ಗಡಿಯಲ್ಲಿ, ಮನೂರಿನ ಕಡೆಯ ಒಂದು ಸಣ್ಣ ಊರು. ನಾರಾಯಣಖೇಡಕ್ಕೆ ಹೋಗುವ ರಸ್ತೆಗೆ ಹತ್ತಿಕೊಂಡೇ ನಮ್ಮ ಹೊಲ. ಬದುವಿನ ಮೇಲೆ ನಿಂತರೆ ರಸ್ತೆಯಾಚೆ ನೀಲಿ ತಗಡಿನ ಹೊಸ ಗೋದಾಮು ಕಾಣುತ್ತದೆ. ತಾಂಡೂರಿನಲ್ಲಿ ಬೇಳೆ ವ್ಯಾಪಾರ ಮಾಡುವ ಒಂದು ಕಂಪನಿಯವರು ನಮ್ಮ ಕಡೆಯ ತೊಗರಿ, ಕಡಲೆ ಇಲ್ಲೇ ಕೊಂಡು ಇಡಲು ಅದನ್ನು ಕಟ್ಟಿಸಿದ್ದರು. ಸಂಕ್ರಾಂತಿ ಕಳೆದರೆ ತೊಗರಿ ಬರತೊಡಗುತ್ತದೆ. ಅಷ್ಟರೊಳಗೆ ಚೀಲ ಹೊರುವವರು, ತೂಕ ಮಾಡುವವರು, ಕಾಳು ಹಸನು ಮಾಡುವವರು, ಚೀಲ ಹೊಲಿಯುವವರು, ಬಂದದ್ದು ಹೋದದ್ದು ಬರೆದಿಡುವವರು, ಎಲ್ಲ ಸೇರಿ ಇಪ್ಪತ್ತು ಮಂದಿ ಬೇಕಾಗಿದ್ದರು. ಊರೂರಿಗೆ ಆಟೋ ಕಳಿಸಿ ಮೈಕಿನಲ್ಲಿ ಕೂಗಿಸಿದರು. ಇಂಥ ತಾರೀಖು ಮುಂಜಾನೆ ಗೋದಾಮಿಗೆ ಬನ್ನಿ, ಅಲ್ಲೇ ನೋಡಿ ಅಲ್ಲೇ ತೆಗೆದುಕೊಳ್ಳುತ್ತೇವೆ ಎಂದು.

ಆ ತಾರೀಖು ಎಳ್ಳಮಾಸಿ.

ಬೀದರ, ಕಲಬುರಗಿ, ಜಹೀರಾಬಾದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಎಳ್ಳು ಅಮಾವಾಸ್ಯೆಯ ದಿನ ನಮ್ಮ ಊರುಗಳಲ್ಲಿ ನಾಯಿ ಕೂಡ ಇರುವುದಿಲ್ಲ. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆ ಬುಟ್ಟಿಗೆ ತುಂಬಿಕೊಂಡು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿ, ಹಸಿ ಕಡಲೆ, ಸಿಕ್ಕಷ್ಟು ತರದ ಸೊಪ್ಪು ಹುಣಸೆ ಹುಳಿಯಲ್ಲಿ ಕುದಿಸಿ ಮಾಡಿದ್ದು. ಹೊಲದಲ್ಲಿ ಜೋಳದ ದಂಟಿನ ಗುಡಿಸಲು ಕಟ್ಟಿ, ಐದು ಕಲ್ಲಿಟ್ಟು ಪೂಜೆ ಮಾಡಿ, ಭೂಮಿತಾಯಿಗೆಂದು ಸುತ್ತಲೂ ಎಡೆಯ ಚರಗ ಚೆಲ್ಲಿ ಅಲ್ಲೇ ಉಣ್ಣುತ್ತೇವೆ. ದಾರಿಯಲ್ಲಿ ಹೋಗುವವನನ್ನೂ ಉಣಿಸದೆ ಬಿಡುವುದಿಲ್ಲ.

ಮೈಕು ಕೇಳಿ ಊರವರು ನಕ್ಕರು. “ಎಳ್ಳಮಾಸಿಗಿ ಯಾವನರೆ ಕೆಲಸಕ್ಕ ಕರಿತಾನೇನು? ತಾರೀಖ್ ತಪ್ಪಿ ಹೇಳ್ಯಾನ. ಮರುದಿನ ಹೋಗಮ್” ಎಂದು ತಾವೇ ತೀರ್ಮಾನ ಮಾಡಿದರು. ಒಬ್ಬರೂ ಹೋಗಿ, ಗೋದಾಮಿಗೆ ಹೊರಗಿನಿಂದ ಬಂದಿದ್ದ ಹೊಸ ಮ್ಯಾನೇಜರನಿಗೆ ಹೇಳಲಿಲ್ಲ. ಜಗತ್ತಿಗೇ ಗೊತ್ತಿರುವ ಹಬ್ಬವನ್ನು ಹೇಳುವುದೇನಿದೆ ಎಂದುಕೊಂಡಿರಬೇಕು. ನಾನೂ ಹಾಗೇ ಅಂದುಕೊಂಡಿದ್ದೆ.

ನನ್ನ ಸೊಸೆ ಸುನಂದಾ ಒಬ್ಬಳು ಹಾಗೆ ಅಂದುಕೊಳ್ಳಲಿಲ್ಲ. ಆಕೆ ಇಂಟರ್, ಅಂದರೆ ಹನ್ನೆರಡನೆಯ ತರಗತಿ ಓದಿದವಳು. ಮದುವೆಯಾಗಿ ಬಂದ ಮೇಲೆ ಹೊಲ, ಮನೆ, ಎರಡು ಮಕ್ಕಳು ಇಷ್ಟೇ. ಮಗ ಜಹೀರಾಬಾದಿನ ಕಾರ್ಖಾನೆಯಲ್ಲಿ ಇದ್ದಾನೆ, ಅವತ್ತು ಅವನಿಗೆ ರಜೆ ಸಿಕ್ಕಿರಲಿಲ್ಲ. ಮುಂಜಾನೆ ಭಜ್ಜಿ ಇಳಿಸಿ, ರೊಟ್ಟಿ ಬಡಿದು ಮುಗಿಸಿ, ಆಕೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

“ಎಲ್ಲಿಗಿ?” ಎಂದೆ.

“ಗೋದಾಮಿಗಿ, ಅತ್ತಿ. ಬರಿಯೋ ಕೆಲಸ ಅದಲ್ಲ, ಕೇಳಿ ಬರ್ತಿನಿ.”

“ಎಳ್ಳಮಾಸಿಗಿ ಮನಿ ಸೊಸಿ ಹೊಲಕ್ಕ ಬರದು ಬಿಟ್ಟು ನೌಕರಿ ಕೇಳಾಕ ಹೋಗ್ತಾಳೇನು? ನಾಳಿಗಿ ಎಲ್ಲರೂ ಹೋಗ್ಲತ್ತಾರ, ಅವರ ಸಂಗಟ ಹೋಗು.”

“ಅವರು ಇವತ್ತ ಅಂದಾರ್ರಿ. ಕರದ ದಿನಾನೇ ಹೋಗಬೇಕು. ಪೂಜಾದ ಹೊತ್ತಿಗಿ ಹೊಲಕ್ಕ ಬರ್ತಿನಿ.”

ನಾನು ಒದರಾಡಿದೆ. ಬಾಜೂ ಮನೆಯ ಸರುಬಾಯಿ ಗೋಡೆಯ ಮೇಲಿಂದ ಮುಖ ಹಾಕಿ ಕೇಳುವಷ್ಟು ಒದರಾಡಿದೆ. ಸುನಂದಾ ನಿಲ್ಲಲಿಲ್ಲ. ಚಪ್ಪಲಿ ಹಾಕಿಕೊಂಡು ಹೋದಳು. ಬುಟ್ಟಿ ನಾನೇ ಹೊತ್ತು, ಮೊಮ್ಮಕ್ಕಳನ್ನು ಕರೆದುಕೊಂಡು ಹೊಲಕ್ಕೆ ನಡೆದೆ.

ಪೂಜೆ ಮುಗಿಯುವ ಹೊತ್ತಿಗೆ ಬದುವಿನ ಮೇಲೆ ಬರುತ್ತಿದ್ದ ಆಕೆ ಕಂಡಳು. ಮುಖ ಇಳಿದಿತ್ತು.

“ಏನಾತು?”

“ನನ್ನ ಬಿಟ್ಟು ಯಾರೂ ಬಂದಿಲ್ಲ. ಒಬ್ಬಾಕಿನ ಕಟ್ಕೊಂಡು ಗೋದಾಮು ನಡಸಾಕ ಆಗ್ತದೇನು ಅಂದ ಮ್ಯಾನೇಜರ್. ಇಲ್ಲಿ ಮಂದಿಗಿ ದುಡಿಯೋದು ಬ್ಯಾಡಾಗ್ಯಾದ ಅಂದ. ಹೊತ್ತು ಮುಳುಗೋದ್ರಾಗ ಹೈದರಾಬಾದಿನ ಗುತ್ತೇದಾರಗ ಫೋನ್ ಮಾಡ್ತಾನಂತ. ಹೊರೋರು, ತೂಗೋರು, ಬರಿಯೋರು ಎಲ್ಲಾ ಅಲ್ಲಿಂದೇ ಬರ್ತಾರ.”

“ಎಳ್ಳಮಾಸಿ ಅಂತ ನೀ ಹೇಳಿಲ್ಲೇನು?”

“ಹೇಳಿದೆ. ಗೋಡಿ ಮ್ಯಾಲಿನ ಕ್ಯಾಲೆಂಡರ್ ತೋರಿಸ್ದ. ಕೆಂಪು ಅಕ್ಷರದಾಗ ಇಲ್ಲಲ್ಲ ಅಂದ.”

ಕೆಂಪು ಅಕ್ಷರದ ಮಾತು ಬಿಡಿ. ನಮ್ಮ ಮಂದಿಗೆ ದುಡಿಯುವುದು ಬೇಡ ಎಂದನಲ್ಲ, ಅದಕ್ಕೆ ನನ್ನ ಸಿಟ್ಟು ನೆತ್ತಿಗೇರಿತು. ತೊಗರಿ ಬಿತ್ತಿ ಬೆಳೆಯುವವರು ನಾವು. ಅದರ ಚೀಲ ಹೊರಲು ಹೈದರಾಬಾದಿನಿಂದ ಬರಬೇಕೇ? ಸೆರಗು ಸೊಂಟಕ್ಕೆ ಸಿಕ್ಕಿಸಿ, “ನಡಿ” ಎಂದೆ. ಮಕ್ಕಳನ್ನು ಪಕ್ಕದ ಹೊಲದವರ ಹತ್ತಿರ ಬಿಟ್ಟು ಇಬ್ಬರೂ ರಸ್ತೆ ದಾಟಿದೆವು.

ಗೋದಾಮಿನ ಮುಂದೆ ಶಾಮಿಯಾನ, ಸಾಲಾಗಿ ಪ್ಲಾಸ್ಟಿಕ್ ಕುರ್ಚಿ. ಎಲ್ಲ ಖಾಲಿ. ಒಂದರ ಮೇಲೆ ಆ ಮ್ಯಾನೇಜರ್ ಕೂತು ಬಿಸ್ಕತ್ತು ನೀರಲ್ಲಿ ಅದ್ದಿ ತಿನ್ನುತ್ತಿದ್ದ. ನನ್ನ ಮಗನ ವಯಸ್ಸಿನವನು. ಹೋಟೆಲು, ಚಹಾದ ಗಾಡಿ ಎಲ್ಲ ಬಂದಾಗಿದ್ದವು, ಅವರೂ ಹೊಲದಲ್ಲೇ ಇದ್ದರಲ್ಲ. ಆತ ಆಡಿದ್ದು ತೆಲುಗು. ಆ ಭಾಷೆ ನನಗೂ ಬರುತ್ತದೆ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

“ಏನವ್ವಾ, ನಿನಗೂ ಕೆಲಸ ಬೇಕೇ?” ಎಂದ.

“ನನಗೆ ಮನೆಯ ಕೆಲಸವೇ ಸಾಕಾಗಿದೆ. ನೀನು ಅಮಾವಾಸ್ಯೆಯ ದಿನ ಯಾಕೆ ಕರೆದೆ?”

“ನಮ್ಮ ಕಡೆ ಅಮಾವಾಸ್ಯೆ ದಿನ ಯಾರೂ ಶುಭಕಾರ್ಯ ಇಟ್ಟುಕೊಳ್ಳುವುದಿಲ್ಲ. ಎಲ್ಲರೂ ಖಾಲಿ ಇರುತ್ತಾರೆ, ಬರುತ್ತಾರೆ ಅಂದುಕೊಂಡೆ.”

ನನಗೆ ನಗು ಬಂತು. ತಪ್ಪು ಅವನದೂ ಅಲ್ಲ ಅನ್ನಿಸಿತು. “ಮಂದಿ ಎಲ್ಲಿದ್ದಾರೆ ತೋರಿಸುತ್ತೇನೆ, ಏಳು. ಬಿಸ್ಕತ್ತು ನಾಯಿಗೆ ಹಾಕು” ಎಂದೆ. ಅವನು ಒಮ್ಮೆ ಗೋದಾಮಿನ ಬೀಗ ನೋಡಿದ, ಒಮ್ಮೆ ನನ್ನನ್ನು ನೋಡಿದ. ಹಸಿವು ಗೆದ್ದಿತು.

ನಮ್ಮ ಹೊಲದ ಗುಡಿಸಲಲ್ಲಿ ಕೂರಿಸಿ ಬಡಿಸಿದೆ. ಮೊದಲು ಬೆರಳ ತುದಿಯಿಂದ ಭಜ್ಜಿ ಮುಟ್ಟಿ ನೋಡಿದ. ಆಮೇಲೆ ತಲೆ ಎತ್ತಲಿಲ್ಲ. ಎರಡನೇ ಸಲ ತಾನೇ ತಾಟು ಮುಂದೆ ಹಿಡಿದ. ಕೈ ತೊಳೆದು ನಿಂತು ಸುತ್ತ ನೋಡಿದ. ಕಣ್ಣು ಹಾಯುವಷ್ಟು ದೂರ ಹೊಲ ಹೊಲದಲ್ಲೂ ಮಂದಿ, ಹೊಸ ಸೀರೆ, ಹೊಗೆ, ಗದ್ದಲ. “ಇಷ್ಟು ಜನ ಇದ್ದಾರಾ ಇಲ್ಲಿ!” ಎಂದ.

“ನಡಿ, ಅವರನ್ನೇ ಕೇಳು, ಯಾಕೆ ಬರಲಿಲ್ಲ ಅಂತ.”

ಪಕ್ಕದ ಹೊಲ ತುಕಾರಾಮನದು. ಆಳು ಎತ್ತಿನಂತಿದ್ದಾನೆ. ಮ್ಯಾನೇಜರ್ ತೆಲುಗಿನಲ್ಲಿ ಕೇಳಿದ್ದನ್ನು ಸುನಂದಾ ಬಿಡಿಸಿ ಹೇಳುವ ಮೊದಲೇ ಅವನು ನಕ್ಕ.

“ಎಳ್ಳಮಾಸಿಗಿ ಕೆಲಸಕ್ಕ ಕರದ ಮನುಷ್ಯಾನ್ನ ಇವತ್ತೇ ನೋಡದು, ಸಾಬ್. ನಾಳಿಗಿ ನಾವೆಲ್ಲಾ ಬರೋರೇ ಇದ್ವಿ. ಮೊದ್ಲ ಕುಂದರ್ರಿ, ಉಣ್ರಿ.”

“ಈಗಷ್ಟೇ ಉಂಡೆ.”

“ಅದು ಆಯಿ ಹೊಲದ್ದು. ಇದು ನಮ್ಮದು. ಉಣ್ಣದೇ ಹೋದ್ರ ನಮ್ಮ ಹೊಲ ಏನು ಅಂದ್ಕೋಬೇಕು?”

ಉಂಡ. ಅದರ ಮುಂದಿನ ಹೊಲದಲ್ಲೂ ಉಂಡ. ಉಣ್ಣುತ್ತಾ ಕೇಳುತ್ತಿದ್ದ, ಮೊದಲು ಏನು ಮಾಡುತ್ತಿದ್ದಿ, ತೂಕದ ಕಾಟಾ ಬಳಸಿ ಗೊತ್ತಿದೆಯೇ ಎಂದು. ಕರಣಕೋಟದಲ್ಲಿ ಸಿಮೆಂಟಿನ ಚೀಲ ಹೊತ್ತವರು ಸಿಕ್ಕರು, ಜಹೀರಾಬಾದಿನ ಮಂಡಿಯಲ್ಲಿ ತೂಗಿದವರು ಸಿಕ್ಕರು. ಅವರ ಹೆಸರುಗಳನ್ನು ಫೋನಿನಲ್ಲಿ ಒತ್ತಿಕೊಂಡ.

ನಡುವೆ ಒಂದು ಹಳ್ಳ. ನೀರು ಮೊಣಕಾಲಿಗಿಂತ ಕೆಳಗೆ. ಆದರೆ ಮ್ಯಾನೇಜರ್ ಬೂಟು ಹಾಕಿದ್ದ, ಹೊಟ್ಟೆ ಬೇರೆ ತುಂಬಿತ್ತು. ದಂಡೆಯಲ್ಲಿ ನಿಂತು, “ಐವತ್ತು ಕಿಲೋ ಚೀಲ ದಿನವಿಡೀ ಹೊರಬೇಕು, ಆಗುತ್ತಾ ನಿಮಗೆ?” ಎಂದು ತುಕಾರಾಮನನ್ನು ಕೇಳಿದ. ತುಕಾರಾಮ ಮುಂದೆ ಬಂದ. ಬಗ್ಗಿ, ಆ ಮನುಷ್ಯನನ್ನು ಚೀಲದ ಹಾಗೆ ಬೆನ್ನಿಗೆ ಹಾಕಿಕೊಂಡು ಹಳ್ಳಕ್ಕೆ ಇಳಿದೇ ಬಿಟ್ಟ. “ಅರೇ, ಅರೇ!” ಎಂದು ಅವನು ಕಿರುಚುತ್ತಿದ್ದರೆ ಎರಡೂ ದಂಡೆಯ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಚೆ ಇಳಿಸಿ ತುಕಾರಾಮ ಹೇಳಿದ, “ಚೀಲ ಹಗೂರ ಇರ್ತದ ಸಾಬ್. ಅದು ಒದ್ಯಾಡೋದಿಲ್ಲ.”

ಮ್ಯಾನೇಜರ್ ಅಂಗಿ ಸರಿಮಾಡಿಕೊಂಡು ತಾನೂ ನಕ್ಕ. ಅಲ್ಲಿಂದ ಮುಂದೆ ಯಾರನ್ನೂ ಆ ಪ್ರಶ್ನೆ ಕೇಳಲಿಲ್ಲ.

ಹಳ್ಳದಾಚೆ ಸರುಬಾಯಿಯ ಹೊಲ. ಹಸನು ಮಾಡುವ, ಚೀಲ ಹೊಲಿಯುವ ಕೆಲಸಕ್ಕೆ ಹೆಂಗಸರು ಬೇಕು ಎಂದಾಗ ಸರುಬಾಯಿ ಸೊಂಟದ ಮೇಲೆ ಕೈಯಿಟ್ಟಳು. “ಹೆಣ್ಮಕ್ಕಳಿಗಿ ಸಂಡಾಸ್ ಅದ ಏನ್ರಿ ಅಲ್ಲಿ?”

ಒಂದೇ ಇದೆ, ಗಂಡಸರಿಗೆ ಎಂದು ಅವನು ಮೆಲ್ಲಗೆ ಹೇಳಿದ.

“ಹಂಗಾದ್ರ ಇನ್ನೊಂದು ಕಟ್ಟಸ್ತಿನಿ ಅಂತ ಇಲ್ಲೇ ಹೇಳ್ರಿ. ಎಲ್ಲರೂ ಕೇಳ್ಲಿ. ಆಮ್ಯಾಲ ಹೆಸರು ಬರ್ಕೋರಿ.”

ಅವನು ಎಲ್ಲರ ಮುಂದೆ ಹೇಳಿದ. ಸಂಕ್ರಾಂತಿಯೊಳಗೆ ಕಟ್ಟಿಸಿದ ಕೂಡ. ಅದು ಸರುಬಾಯಿಯ ಹೆಚ್ಚುಗಾರಿಕೆ, ನನ್ನದಲ್ಲ.

ಹೊತ್ತು ಇಳಿಯಿತು. ಎಲ್ಲ ಕೆಲಸಕ್ಕೂ ಜನ ಸಿಕ್ಕರು, ಬರೆಯುವ ಕೆಲಸವೊಂದು ಬಿಟ್ಟು. ಮ್ಯಾನೇಜರ್ ಫೋನು ಜೇಬಿಗೆ ಹಾಕುತ್ತಾ, “ಬರೆಯುವವನನ್ನು ತಾಂಡೂರಿನಿಂದ ಕಳಿಸುತ್ತಾರೆ” ಎಂದ. ಸುನಂದಾ ನನ್ನ ಹಿಂದೆ ನಿಂತಿದ್ದಳು. ಮುಂಜಾನೆಯಿಂದ ಆಕೆ ಒಂದು ತುತ್ತು ಬಾಯಿಗೆ ಹಾಕಿರಲಿಲ್ಲ. ಹೊಲದಿಂದ ಹೊಲಕ್ಕೆ ನಡೆದು ಅವನ ಮಾತು ಇವರಿಗೆ, ಇವರ ಮಾತು ಅವನಿಗೆ ಹೇಳಿದ್ದಳು.

“ಈಕೆ?” ಎಂದೆ.

“ಹೆಣ್ಣುಮಕ್ಕಳಿಗೆ ಆ ಕೆಲಸ ಕಷ್ಟ ಅವ್ವಾ. ಲಾರಿ ಸಂಜೆ ಏಳಕ್ಕೂ ಬರುತ್ತವೆ.”

“ನೀನು ಇವತ್ತು ಕರೆದೆ. ಇಷ್ಟು ಊರುಗಳಲ್ಲಿ ಇವತ್ತು ಬಂದವಳು ಯಾರು?”

ಅವನು ರಸ್ತೆಯಾಚೆಯ ಗೋದಾಮಿನ ಕಡೆ ನೋಡಿದ.

“ಈ ಎಲ್ಲರನ್ನೂ ಹುಡುಕಿಕೊಂಡು ನೀನು ಬಂದೆ. ನಿನ್ನನ್ನು ಹುಡುಕಿಕೊಂಡು ಬಂದವಳು ಈಕೆ ಒಬ್ಬಳೇ. ಹಬ್ಬ ಬಿಟ್ಟು, ಅತ್ತೆಯ ಹತ್ತಿರ ಬೈಸಿಕೊಂಡು ಬಂದಳು. ಈಕೆಯನ್ನೇ ಬಿಟ್ಟು ಹೋಗುತ್ತೀಯಾ?”

ಮ್ಯಾನೇಜರ್ ಸುನಂದಾಳ ಕಡೆ ತಿರುಗಿದ. ತೆಲುಗು ಬರೆಯಲು ಬರುತ್ತದೆಯೇ ಎಂದು ಕೇಳಿದ. ಆಕೆ ಬರುತ್ತದೆ ಎಂದಳು. ಲಾತೂರಿನ ಲಾರಿಯವರು ಮರಾಠಿ ಆಡುತ್ತಾರಲ್ಲ ಎಂದ. ಅದೂ ಬರುತ್ತದೆ ಎಂದಳು. ಕೊನೆಗೆ ಅವನು ನನ್ನ ಮುಖ ನೋಡಿದ. “ಎಲ್ಲ ಸರಿ. ಏಳು ಗಂಟೆಗೆ ಸೊಸೆ ಮನೆಗೆ ಬಂದರೆ ನೀನು ಸುಮ್ಮನಿರುತ್ತೀಯಾ? ನಾಲ್ಕು ದಿನಕ್ಕೆ ಬಿಡಿಸಿದರೆ ನನ್ನ ಗತಿ?”

ಎಲ್ಲರೂ ನನ್ನನ್ನೇ ನೋಡಿದರು. ಸರುಬಾಯಿ ಬಿಡುತ್ತಾಳೆಯೇ? “ಹೇಳು ಶರಣಮ್ಮ. ಮುಂಜಾನಿ ಊರು ಕೇಳಂಗ ಒದರ್ಲತ್ತಿದ್ದಿ. ಸೊಸಿ ನೌಕರಿಗಿ ಹೋದ್ರ ರೊಟ್ಟಿ ಯಾರು ಬಡಿತಾರ?”

“ಆಕಿ ಬರೋಕಿಂತ ಮೊದ್ಲ ಯಾರು ಬಡಿತಿದ್ರು? ನಿಮ್ಮಪ್ಪ ಬರ್ತಿದ್ನೇನು?” ಎಂದೆ.

ಮಂದಿ ಕೂಗಿದರು. ಮ್ಯಾನೇಜರನಿಗೆ ಅರ್ಥವಾಗಲಿಲ್ಲ. ಸುನಂದಾ ಅವನಿಗೆ ಎಲ್ಲವನ್ನೂ ತೆಲುಗಿನಲ್ಲಿ ಹೇಳುತ್ತಿದ್ದವಳು ಆ ಮಾತನ್ನು ಮಾತ್ರ ಹೇಳಲಿಲ್ಲ. ಸೆರಗು ಬಾಯಿಗೆ ಹಿಡಿದು ನಗುತ್ತಾ ನಿಂತಳು. ಅವನಿಗೆ ಅಷ್ಟೇ ಸಾಕಾಯಿತು. ಫೋನು ಹೊರಗೆ ತೆಗೆದು, “ಹೆಸರು ಹೇಳಮ್ಮಾ” ಎಂದ. ನಾಳೆ ಎಲ್ಲರೂ ಒಂಬತ್ತಕ್ಕೆ ಬನ್ನಿ ಎಂದು ಹೇಳಿ, ಬೂಟು ಕೈಯಲ್ಲಿ ಹಿಡಿದು ತಾನೇ ಹಳ್ಳ ದಾಟಿ ಹೋದ. ಗುತ್ತೇದಾರನಿಗೆ ಫೋನು ಹೋಗಲಿಲ್ಲ.

ಗೋದಾಮು ಈಗಲೂ ನಡೆಯುತ್ತಿದೆ. ಲಾರಿಯವರು ಬಂದರೆ “ಸುನಂದಾ ಮೇಡಂ ಎಲ್ಲಿ” ಎಂದು ಕೇಳುತ್ತಾರೆ. ಬದುವಿನ ಮೇಲೆ ಕಳೆ ಕೀಳುತ್ತಾ ಅದನ್ನು ಕೇಳಿದಾಗ ನಾನು ಕೆಲಸ ನಿಲ್ಲಿಸಿ ಒಂದು ಗಳಿಗೆ ನಿಲ್ಲುತ್ತೇನೆ. ಸೊಂಟ ನೋವಿಗೆ ನಿಂತೆ ಎಂದು ಮಂದಿ ತಿಳಿಯುತ್ತಾರೆ. ತಿಳಿಯಲಿ.

ಎಳ್ಳಮಾಸಿಯ ಮರುದಿನ ಕತ್ತಲಿರುವಾಗಲೇ ಎದ್ದು, ಸುನಂದಾ ಏಳುವ ಮೊದಲು ಒಲೆ ಹೊತ್ತಿಸಿ ಹಿಟ್ಟು ನಾದಿದೆ. ಆಕೆ ಮನೆಗೆ ಬಂದ ಮೇಲೆ ನಾನು ರೊಟ್ಟಿ ಬಡಿದಿರಲಿಲ್ಲ. ಮೊದಲನೆಯದು ಹರಿಯಿತು. ಅದನ್ನು ನಾನು ತಿಂದೆ. ಉಳಿದವನ್ನು ಹಿಂದಿನ ದಿನದ ಭಜ್ಜಿಯ ಜೊತೆ ಡಬ್ಬಿಗೆ ತುಂಬಿ ಆಕೆಯ ಚಪ್ಪಲಿಯ ಹತ್ತಿರ ಇಟ್ಟೆ.