ದಾಸಿಯ ಹನ್ನೊಂದು ಮಾತುಗಳನ್ನು ಎಣಿಸಿದವರು

ಬರ್ಮಾದ ಹಳೆಯ ಅರಮನೆ ನಾಟಕಗಳ ಪಾತ್ರಗಳನ್ನು ಕೊಂಡಾಡಿ ಬರೆದವರು ನಮ್ಮಲ್ಲಿ ಹಲವರಿದ್ದಾರೆ. ಆ ಪಾತ್ರಗಳಲ್ಲಿ ಯಾರು ಯಾರಿಗೆ ಹೆದರುತ್ತಾರೆ, ಯಾರ ಬೆನ್ನ ಮೇಲೆ ಯಾರು ನಿಂತಿದ್ದಾರೆ ಎಂದು ಕೇಳಿದವರು ಬೆರಳೆಣಿಕೆಯಷ್ಟು. ಅವರಲ್ಲಿ ಅಮರಪುರದ ನೇಕಾರರ ಕೇರಿಯ ಶಾಲೆಯಲ್ಲಿ ಪಾಠ ಹೇಳಿ, ಮೂವತ್ತೇಳು ವರ್ಷಗಳ ಸೇವೆಯ ಬಳಿಕ ನಿವೃತ್ತರಾಗುತ್ತಿರುವ, ನಾವೆಲ್ಲ ಸಯಾಮ, ಅಂದರೆ ಟೀಚರಮ್ಮ, ಎಂದು ಕರೆಯುವ ಗುರುಗಳಾದ ದಾವ್ ನ್ಯುನ್ ಯೀ ಅವರೇ ಮೊದಲಿಗರೆಂದು ನಾನು ಅಳುಕಿಲ್ಲದೆ ಬರೆಯುತ್ತೇನೆ. ಗುರುಗಳ ಸದ್ಗುಣಗಳನ್ನು ಕುರಿತು ಬರೆಯಿರಿ ಎಂದು ಈ ಬೀಳ್ಕೊಡುಗೆ ಪುಸ್ತಕದ ಸಂಪಾದಕರು ಕೇಳಿದ್ದಾರೆ. ಕ್ಷಮಿಸಬೇಕು, ಗುಣಗಳ ಪಟ್ಟಿ ಮಾಡುವ ಚಟವನ್ನು ನನ್ನಿಂದ ಬಿಡಿಸಿದವರೇ ಅವರು.

ನಾನು ಅವರ ಕೈಕೆಳಗೆ ಬಂದಾಗ ಹತ್ತನೆಯ ತರಗತಿಯೆಂದರೆ ಗೈಡು ಎಂದೇ ಅರ್ಥ. ರಾಣಿ: ರೂಪವತಿ, ಪತಿವ್ರತೆ. ಮಂತ್ರಿ: ಕುಟಿಲ. ರಾಣಿಯ ಗುಟ್ಟಿನ ಓಲೆ ಒಯ್ಯುವ ದಾಸಿ: ವಿಧೇಯಳು, ಒಡತಿಗಾಗಿ ಪ್ರಾಣ ತೆರುವವಳು. ವಿಧೇಯತೆಯನ್ನು ಬಾಯಿಪಾಠ ಮಾಡಿಸಿ, ಆ ಬಾಯಿಪಾಠಕ್ಕೆ ಅಂಕ ಕೊಟ್ಟು, ಅಂಕ ಪಡೆದವರನ್ನೇ ಮತ್ತೆ ಮೇಷ್ಟರ ಕುರ್ಚಿಯಲ್ಲಿ ಕೂರಿಸುವ ಯಂತ್ರ ಅದು. ಆ ಯಂತ್ರದ ನಡುವೆ ನಿಂತು ಸಯಾಮ ಮೊದಲ ದಿನವೇ ಹೇಳಿದರು: "ಗೈಡು ಚೀಲದಲ್ಲಿಡಿ. ಈ ದಾಸಿ ಎಷ್ಟು ಸಲ ಬಾಯಿ ಬಿಡ್ತಾಳೆ, ಎಣಿಸಿ."

ಹನ್ನೊಂದು ಸಲ.

"ಹೆಸರೇನು?"

ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ನಾಟಕದಲ್ಲಿ ಅವಳಿಗೆ ಹೆಸರೇ ಇರಲಿಲ್ಲ. "ಹನ್ನೊಂದು ಸಲ ಮಾತಾಡಿದೋಳಿಗೆ ಹೆಸರಿಡೋಕೆ ಕವಿಗೆ ಪುರುಸೊತ್ತಾಗಿಲ್ಲ. ನಾವು ಇವಳಿಂದಲೇ ಶುರು ಮಾಡೋಣ," ಎಂದರು.

ಆ ವರ್ಷದ ಸರ್ಕಾರಿ ಪರೀಕ್ಷೆಯಲ್ಲಿ ದಾಸಿಯನ್ನು ಕುರಿತೇ ಪ್ರಶ್ನೆ ಬಂತು. ಓಲೆ ಒಯ್ದರೆ ರಾಜ ಕೊಲ್ಲುತ್ತಾನೆ, ಒಯ್ಯದಿದ್ದರೆ ರಾಣಿ ಕೊಲ್ಲುತ್ತಾಳೆ, ಇಂಥವಳ ಭಯಕ್ಕೆ ನಿಷ್ಠೆಯೆಂದು ಹೆಸರಿಡುವುದು ಅರಮನೆಯ ಸುಳ್ಳು, ರಾಣಿ ಕಟುಕಿ ಎಂದು ನಾಲ್ಕು ಪುಟ ಬರೆದೆ. ನಪಾಸಾದೆ.

ನಮ್ಮದು ನೂರು ಲಾಳಿಯ ರೇಷ್ಮೆ ನೇಯುವ ಮನೆ. ಆ ಬಟ್ಟೆಗೆ ಒಂದೇ ಮಗ್ಗದಲ್ಲಿ ಇಬ್ಬರು ಅಕ್ಕಪಕ್ಕ ಕೂತು ಲಾಳಿಗಳನ್ನು ಕೈಯಿಂದ ಕೈಗೆ ದಾಟಿಸಬೇಕು. ಶಾಲೆಗೆ ಹೋಗುವ ಮೊದಲೂ ಬಂದ ಮೇಲೂ ಅಮ್ಮನ ಪಕ್ಕದ ಜಾಗ ನನ್ನದು. ಪಾಸಾದರೆ ಓದು, ಇಲ್ಲವಾದರೆ ಮಗ್ಗ ಎಂದು ಮೊದಲೇ ಮಾತಾಗಿತ್ತು. ಫಲಿತಾಂಶದ ಮರುದಿನ ಸಯಾಮ ತಾವಾಗಿ ಮನೆಗೆ ಬಂದರು. ಅಮ್ಮ ಹುದುಗಿಸಿದ ಚಹಾ ಎಲೆ, ಹುರಿದ ಬಟಾಣಿ ತಟ್ಟೆಯಲ್ಲಿಟ್ಟು, ಅವರು ಒಂದು ತುತ್ತು ತಿನ್ನುವವರೆಗೆ ಕಾದು, ಆಮೇಲೆ ತರಾಟೆಗೆ ತೆಗೆದುಕೊಂಡಳು.

"ನಿಮ್ಮ ದಾಸಿ ಸತ್ತಳು ಸಯಾಮ, ಜೊತೆಗೆ ನನ್ನ ಹುಡುಗೀನೂ ಕರ್ಕೊಂಡು ಹೋದಳು. ನಾಳೆಯಿಂದ ಇವಳು ಇಲ್ಲೇ ಕೂರ್ತಾಳೆ."

"ನಿಮ್ಮ ಸಿಟ್ಟು ನ್ಯಾಯವಾದ್ದೇ ಅಕ್ಕ. ನಾನು ಅರ್ಧ ಮಾತ್ರ ಕಲಿಸಿದ್ದೆ," ಎಂದವರು ನನ್ನತ್ತ ತಿರುಗಿದರು. "ರಾಣೀನ ಕಟುಕಿ ಅಂದ್ಯಂತೆ. ಅವಳು ಯಾರಿಗೆ ಹೆದರ್ತಾಳೆ?"

ನಾನು ಅಮ್ಮನ ಮುಖ ನೋಡಿದೆ.

"ದಾಸಿಗೆ ಕೊಟ್ಟ ಕಣ್ಣು ರಾಣಿಗೂ ಕೊಡ್ಬೇಕು. ಇಲ್ಲಾಂದ್ರೆ ನೀನೂ ಒಂದು ಗೈಡೇ. ಇನ್ನೊಂದು ಪಾತ್ರವನ್ನಂತೂ ಮುಟ್ಟೇ ಇಲ್ಲ ನೀನು."

"ಯಾವುದು ಸಯಾಮ?"

"ನಿನ್ನ ಪರೀಕ್ಷಕ. ಅವನು ಯಾರಿಗೆ ಹೆದರ್ತಾನೆ?"

ಅಮ್ಮ ಬಟಾಣಿ ತಟ್ಟೆಯನ್ನು ಅವರ ಮುಂದಕ್ಕೆ ಸರಿಸಿ, "ಇನ್ನೊಂದು ವರ್ಷ ಓದಲಿ. ಅಷ್ಟೇ," ಎಂದಳು.

ಆ ವರ್ಷವಿಡೀ ಮಗ್ಗ ಮುಟ್ಟದೆ, ನಾನು ಕಾಣದ ಆ ಪರೀಕ್ಷಕನನ್ನು ಓದಿದೆ. ಸೆಕೆಯ ಕೋಣೆ, ಎದುರಿಗೆ ಗುಡ್ಡೆಬಿದ್ದ ಉತ್ತರಪತ್ರಿಕೆ, ಬೆನ್ನ ಹಿಂದೆ ಮಾದರಿ ಉತ್ತರ ಹಿಡಿದು ಸುತ್ತುವ ಮೇಲಧಿಕಾರಿ. ಅವನೂ ಓಲೆ ಒಯ್ಯುವವನೇ. ಎರಡನೆಯ ಸಲ ಮಾದರಿ ಉತ್ತರವನ್ನು ಅಕ್ಷರ ಬಿಡದೆ ಬರೆದೆ, ಅಂಕ ಕೊಟ್ಟದ್ದಕ್ಕೆ ಅವನ ಕೆಲಸಕ್ಕೆ ಕುತ್ತು ಬರದಿರಲೆಂದು. ಅದರ ಕೆಳಗೆ ನನ್ನದೇ ಎಂಟು ಸಾಲು ಬರೆದೆ, ರಾಣಿಯ ಭಯವನ್ನೂ ಸೇರಿಸಿ. ಪಾಸಾದೆ. ಇದನ್ನು ರಾಜಿ ಎಂದು ಹಂಗಿಸುವ ಗೆಳೆಯರಿದ್ದಾರೆ. ಎದುರಿಗಿರುವವನನ್ನು ಓದಲಾರದ ಹೋರಾಟ ಬರಿಯ ಕೂಗಾಟ ಎಂಬುದು ನಾನು ಅಲ್ಲಿ ಕಲಿತ ಪಾಠ. ಇವತ್ತಿನವರೆಗೆ ಹೋರಾಟಗಳಿಗಾಗಿ ನಾನು ಬರೆದ ಒಂದೊಂದು ಕರಪತ್ರದ ಬೆನ್ನಿಗೂ ಆ ಪಾಠವಿದೆ.

ಹುಣ್ಣಿಮೆ, ಅಮಾವಾಸ್ಯೆಗಳಂದು ಕೇರಿಯ ಮಗ್ಗಗಳು ನಿಲ್ಲುತ್ತವೆ. ಆ ದಿನಗಳಲ್ಲಿ ಸಯಾಮ ನೇಯ್ಗೆಯ ಕೊಟ್ಟಿಗೆಯಲ್ಲೇ ಓದಿನ ಬಳಗ ಕಟ್ಟಿದರು. "ಈ ರಾಜಕುಮಾರ ಏಳು ವರ್ಷ ಕಾಡು ಅಲೀತಾನಲ್ಲ, ಇವನ ಲುಂಗಿ ಒಗೆದೋರು ಯಾರು?" ಎಂದು ಹಲ್ಲಿಲ್ಲದ ಅಜ್ಜಿಯೊಬ್ಬಳು ಕೇಳಿದಾಗ, ನಕ್ಕವರನ್ನು ಸುಮ್ಮನಾಗಿಸಿ ಎರಡು ಹುಣ್ಣಿಮೆ ಅದನ್ನೇ ಚರ್ಚಿಸಿದವರು ಅವರು. ಮುಂದೆ ಮಾದರಿ ಉತ್ತರಗಳ ಪುಸ್ತಕಕ್ಕೆ ಸಹಿ ಹಾಕಿರೆಂದು ಇಲಾಖೆಯಿಂದ ಅವರಿಗೆ ಅಪ್ಪಣೆ ಬಂತು. ಹಾಕಲಿಲ್ಲ. ನದಿಯಾಚೆಯ ಹಳ್ಳಿಗೆ ವರ್ಗ ಮಾಡಿದರು. ಆರು ವರ್ಷ, ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ, ದೋಣಿಯಲ್ಲಿ ಬಂದು ನಮ್ಮನ್ನು ಓದಿಸಿ ಮರಳಿದರು. ಅವರ ಶಿಷ್ಯಳೆಂದು ಹೇಳಿಕೊಳ್ಳುವಾಗ ನನ್ನ ತಲೆ ತಾನಾಗಿ ಮೇಲೇಳುತ್ತದೆ.

ಈ ಲೇಖನವನ್ನು ಇಲ್ಲಿಗೆ ಮುಗಿಸಿ ಅವರಿಗೇ ಓದಿ ಹೇಳಿದೆ. ಕಣ್ಣುಮುಚ್ಚಿ ಕೇಳಿದವರು ನನ್ನ ಹೆಸರು ಹಿಡಿದು ಕರೆದರು.

"ಇದರಲ್ಲಿ ನಿಮ್ಮಮ್ಮ ಬರೀ ಗದರ್ತಾಳಲ್ಲ, ಖೈನ್ ಮಾ. ಆ ವರ್ಷ ನಿಮ್ಮನೆ ಮಗ್ಗದಲ್ಲಿ ಏನು ನೇಯ್ತಿದ್ರು?"

ನನಗೆ ನೆನಪಾಗಲಿಲ್ಲ. ಎಪ್ಪತ್ತಾರರ ಅಮ್ಮನನ್ನೇ ಹೋಗಿ ಕೇಳಿದೆ.

"ಸಾದಾ ಲುಂಗಿ. ಇನ್ನೇನು? ನೂರು ಲಾಳಿ ಒಬ್ಬಳ ಕೈಲಿ ಆಗುತ್ತಾ?"

ಕೇರಿಯಲ್ಲೇ ಹೆಸರಾದ ಕೈ ಅದು. ಆ ಕೈ ಒಂದು ವರ್ಷ, ಹೊಸಬರು ನೇಯುವ ಸಾದಾ ಬಟ್ಟೆ ನೇಯ್ದಿತ್ತು. ನೂರು ಲಾಳಿಯ ಬಟ್ಟೆಗಾಗಿ ಎದುರು ಮನೆಗೆ ಹೋದ ಗಿರಾಕಿಗಳಲ್ಲಿ ಅರ್ಧ ಜನ ಮತ್ತೆ ಬರಲಿಲ್ಲವಂತೆ.

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ದಾಸಿ ಕಷ್ಟ ಓದ್ತಿದ್ದೆ. ನಡುವೆ ಮಾತಾಡ್ಸಿದ್ರೆ ಸಿಡುಕ್ತಿದ್ದೆ." ಮತ್ತೆ ನನ್ನ ಕಡೆ ಬೆರಳು ತೋರಿಸಿ, "ಪುಸ್ತಕದಲ್ಲಿ ಬರೀ ಅಮ್ಮ ಅಂತ ಹಾಕ್ಬೇಡ ಮತ್ತೆ," ಎಂದಳು.

ಆದ್ದರಿಂದ, ಹಿರಿಯ ಹೆಂಗಸರಿಗೆ ಸಲ್ಲುವ ‘ದಾವ್’ ಸೇರಿಸಿ ಬರೆಯುತ್ತೇನೆ: ನನ್ನ ತಾಯಿಯ ಹೆಸರು ದಾವ್ ಓನ್ ಶ್ವೇ. ಬರುವ ಹುಣ್ಣಿಮೆಯ ಓದಿಗೆ ಅವರೂ ಬಂದು ನನ್ನ ಪಕ್ಕದಲ್ಲಿ ಕೂರುತ್ತಾರೆ. ದಾವ್ ನ್ಯುನ್ ಯೀ ಅವರು ಇನ್ನೂ ಬಹುಕಾಲ ಆರೋಗ್ಯದಿಂದ ಬಾಳಲಿ, ನಾವು ಎಷ್ಟೇ ಗಟ್ಟಿಯಾಗಿ ಬರೆದು ತಂದರೂ ಕಣ್ಣುಮುಚ್ಚಿ ಕೇಳಿ, ಬಿಟ್ಟುಹೋದವರು ಯಾರೆಂದು ಹೀಗೆಯೇ ಕೇಳುತ್ತಿರಲಿ.