ಖಾಲಿ ಬಿಡದ ಕುರ್ಚಿ

ದೇಶವೆಂದು ಒಪ್ಪಿಕೊಳ್ಳಲು ಹೆಚ್ಚಿನ ರಾಜಧಾನಿಗಳು ಹಿಂಜರಿಯುವ ನಮ್ಮ ತೈವಾನಿಗೆ ಲೋಕದ ಹಣಕಾಸು ಸಭೆಗಳಲ್ಲಿ ಉಳಿದಿರುವ ಕುರ್ಚಿಗಳು ಕೆಲವೇ. ಅವುಗಳಲ್ಲೊಂದನ್ನು, ಅಭಿವೃದ್ಧಿ ಬ್ಯಾಂಕೊಂದರ ವಾರ್ಷಿಕ ಸಭೆಯ ಕುರ್ಚಿಯನ್ನು, ಮೂರು ದಶಕ ಕಾಯ್ದುಕೊಂಡು ಬಂದವರು ಈಗ ನಿವೃತ್ತರಾಗುತ್ತಿರುವ ಶ್ರೀಮತಿ ಚಿಯೆನ್ ಸು-ಯುನ್ ಅವರು. ತೈಪೆಯ ಕಚೇರಿಯಲ್ಲಿ ಅವರ ಕೈಕೆಳಗೆ ಪಳಗಿದ ನಾನು ಈ ನಾಲ್ಕು ಮಾತುಗಳನ್ನು ಅಭಿಮಾನದಿಂದ, ಅಷ್ಟೇ ಅಳುಕಿನಿಂದ ಬರೆಯುತ್ತಿದ್ದೇನೆ.

ಆ ಸಭೆಯಲ್ಲಿ ನಮ್ಮ ಮುಂದಿಡುವ ಫಲಕದ ಹೆಸರು ನಾವು ಇಟ್ಟುಕೊಂಡದ್ದಲ್ಲ; ನಾವು ಚೀನಾದ ಒಂದು ಭಾಗವೆಂಬಂತೆ ಬ್ಯಾಂಕೇ ಕೊಟ್ಟದ್ದು. ಅದರ ಪಕ್ಕದಲ್ಲಿ ‘ಪ್ರತಿಭಟನೆಯೊಂದಿಗೆ’ ಎಂಬ ಚೀಟಿ ಇಟ್ಟು ಕೂರುವುದು ನಮ್ಮವರ ರೂಢಿ. ಚಿಯೆನ್ ಅವರು ಇನ್ನೊಂದು ಕಟ್ಟಳೆ ಸೇರಿಸಿದರು: ಕಲಾಪ ಮುಗಿಯುವವರೆಗೆ ನಮ್ಮವರೊಬ್ಬರು ಕುರ್ಚಿಯಲ್ಲಿ ಇರಲೇಬೇಕು. ಮೊದಲ ಸಲ ಹೋದಾಗ ನನಗೆ ಹೊಟ್ಟೆನೋವು. ತಮ್ಮ ಪಾಳಿ ಮುಗಿದಿದ್ದರೂ ಅವರೇ ಕೂತು, ನನಗೆ ಬಿಸಿ ಗಂಜಿ ತರಿಸಿಕೊಟ್ಟರು. “ಹೋಗಿ ಮಲಗು. ಕುರ್ಚಿ ನಾನು ನೋಡ್ಕೋತೀನಿ,” ಎಂದರು.

ಮುಂದೊಂದು ವರ್ಷ ಆ ಚೀಟಿಯನ್ನೂ ತೆಗೆಸಲು ಸಭೆಯ ಸಿಬ್ಬಂದಿ ಬಂದರು. ನಮ್ಮ ನಿಯೋಗದ ಮುಖ್ಯಸ್ಥರಾದ ಲಿಯಾವ್ ಕೆರಳಿ, “ಏಳಿ, ಮಾನ ಇದ್ದೋರು ಇಲ್ಲಿ ಕೂರಲ್ಲ,” ಎಂದು ಹೊರನಡೆದರು. “ನೀವು ಹೋಗಿ ಸಾರ್. ನಾನೂ ಎದ್ರೆ ಮುಂದಿನ ವರ್ಷ ಇಲ್ಲಿ ಕುರ್ಚಿನೇ ಇರಲ್ಲ,” ಎಂದು ಚಿಯೆನ್ ಅವರು ಕೂತೇ ಇದ್ದರು. ಚೀಟಿ ಹೋಯಿತು, ಕುರ್ಚಿ ಉಳಿಯಿತು. ಆ ಮಧ್ಯಾಹ್ನ ನಮ್ಮ ಮತವನ್ನು ಅವರೊಬ್ಬರೇ ಹಾಕಿದರು.

ಊರಿಗೆ ಮರಳಿದರೆ ಪತ್ರಿಕೆಗಳು ಅವರನ್ನು ಅವಮಾನ ನುಂಗಿ ಕೂತವಳೆಂದು ಜರೆದವು. ಹೊಸವರ್ಷಕ್ಕೆ ಅವರು ತೈನಾನಿನ ತವರಿಗೆ ಹೋದಾಗ ನಾನೂ ಜೊತೆಗಿದ್ದೆ. ಊಟದ ನಡುವೆ ಅವರ ತಂದೆ ಎಲ್ಲರೆದುರು ಕೇಳಿದರು: “ನಿನ್ನ ಅಪ್ಪನ ಹೆಸರೇನು ಅಂತ ಯಾರಾದ್ರೂ ಕೇಳಿದ್ರೆ ನೀನೇ ಹೇಳ್ತೀಯೋ, ಅವರನ್ನ ಕೇಳ್ಕೊಂಡು ಬಂದು ಹೇಳ್ತೀಯೋ?”

ಚಿಯೆನ್ ಅವರು ಅಪ್ಪನ ಬಟ್ಟಲಿಗೆ ಮೀನು ಬಡಿಸಿದರು. ಹಿರಿಯರ ಮೇಲೆ ನನಗೆ ಸಿಟ್ಟು ಬಂತು, ಆದರೆ ಅವರ ಮಾತು ತಪ್ಪೆಂದೂ ಅನ್ನಿಸಲಿಲ್ಲ. ತೀರಿಕೊಳ್ಳುವವರೆಗೂ ಅವರು ಮಗಳ ಕೆಲಸದ ಮಾತೆತ್ತಲಿಲ್ಲವಂತೆ.

ಮುಂದಿನ ತಿಂಗಳ ಸಭೆಯಲ್ಲಿ ಆ ಕುರ್ಚಿ ನನ್ನದು. ಈ ಸಲ ನಮ್ಮನ್ನು ಹಿಂದಿನ ಸಾಲಿಗೆ ತಳ್ಳುತ್ತಾರೆಂಬ ಸುದ್ದಿಯಿದೆ. ನಿದ್ದೆ ಬರುತ್ತಿಲ್ಲ. “ಅಕ್ಕ, ಎದ್ದು ಬರಬೇಕಾದ ಹೊತ್ತು ಯಾವುದು ಅಂತ ಗೊತ್ತಾಗೋದು ಹೇಗೆ?” ಎಂದು ಮೊನ್ನೆ ಚಿಯೆನ್ ಅವರನ್ನು ಕೇಳಿದೆ.

“ನನಗೂ ಗೊತ್ತಾಗ್ಲಿಲ್ಲ ಕಣೇ. ಅದಕ್ಕೇ ಕೂತಿದ್ದೆ,” ಎಂದರು.

ಅವರಿಗೆ ಆಯುರಾರೋಗ್ಯ ತುಂಬಿರಲಿ, ಹೊಸಬರನ್ನು ತಿದ್ದುವ ಅವರ ಕೆಲಸ ನಿಲ್ಲದಿರಲಿ. ನಾನು ಕೂತು ಬಂದರೂ, ಎದ್ದು ಬಂದರೂ, ಬಾಗಿಲು ತೆರೆಯಲು ಅವರೊಬ್ಬರಾದರೂ ಇರಲಿ.